ಯಾರ ಕೊಕ್ಕಿನ ಅಳತೆ?

ನನಗೆ ಈ ಕತೆಯನ್ನು ಮೊದಲು ಹೇಳಿದವರು ನಮ್ಮೂರಿನ ಗಾರೆ ಕೆಲಸದ ನಿರ್ವಾಣಪ್ಪನವರು. ನಮ್ಮ ಶಾಲೆಯ ಗೋಡೆಗೆ ಗಿಲಾವು ಮಾಡಲು ಬಂದಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿ, "ಶಿವನೇ" ಎಂದು ಮೊದಲ ತುತ್ತನ್ನು ಇರುವೆಗಳಿಗೆ ಇಟ್ಟು, ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಹೇಳಿದರು. ಅವರು ಹೇಳಿದಂತೆಯೇ ಹೇಳುತ್ತೇನೆ. ನಾನು ಸೇರಿಸಿದ್ದು ಅಲ್ಲೊಂದು ಇಲ್ಲೊಂದು ಮಾತು, ಅಷ್ಟೆ.

ಮಕ್ಕಳೇ, ಒಂದು ಕುರುಚಲು ಕಾಡು. ಕಾಡಿನ ನಡುವೆ ಒಂದು ಕೊಳ. ಕೊಳದ ಈಚೆ ದಡದಲ್ಲಿ ಒಣಗಿದ ಬೂರುಗದ ಮರ, ಆಚೆ ದಡದಲ್ಲಿ ಮುದಿ ಹಿಪ್ಪೆಯ ಮರ. ಅಲ್ಲಿ ಬೂದಣ್ಣ ಎಂಬ ಮಂಗಟ್ಟೆ ಹಕ್ಕಿ ತನ್ನ ಹೆಂಡತಿ ನೀಲವ್ವನ ಜೊತೆ ವಾಸವಾಗಿತ್ತು.

ಮಂಗಟ್ಟೆಯನ್ನು ನೀವು ನೋಡಿರಬಹುದು. ಮೈಗಿಂತ ಕೊಕ್ಕೇ ಮೊದಲು ಕಣ್ಣಿಗೆ ಬೀಳುವ ಹಕ್ಕಿ. ಆ ಕೊಕ್ಕಿನ ಮೇಲೆ ಇನ್ನೊಂದು ಪುಟ್ಟ ಕೊಂಬು. ಅದರ ಸಂಸಾರವೂ ಬೇರೆಯವರ ಹಾಗಲ್ಲ. ಹೆಣ್ಣು ಮಂಗಟ್ಟೆ ಮೊಟ್ಟೆಯಿಡಲು ಮರದ ಪೊಟರೆಯೊಳಗೆ ಹೋಗಿ ಕೂತಿತೆಂದರೆ, ಹಾರುವ ಗರಿಗಳನ್ನೆಲ್ಲ ಉದುರಿಸಿಬಿಡುತ್ತದೆ. ಹೊಸ ಗರಿ ಬರುವ ತನಕ ಹಾರುವ ಹಾಗಿಲ್ಲ, ಓಡುವ ಹಾಗಿಲ್ಲ. ಅಂಥ ಹೊತ್ತಿನಲ್ಲಿ ಅದನ್ನು ಕಾಯುವುದು ಬಾಗಿಲು ಒಂದೇ.

ಆ ವರ್ಷ ನೀಲವ್ವ ಮೊಟ್ಟೆಯಿಡಲು ನಾಲ್ಕೇ ದಿನ ಉಳಿದಿತ್ತು.

"ರೀ, ಹಿಪ್ಪೆ ಮರದ ಪೊಟರೆ ನೋಡಿಕೊಂಡು ಬಂದೆ," ಎಂದಿತು ನೀಲವ್ವ. "ಒಳಗೆ ಕಸ ಇದೆ, ಬಾಯಿ ತುಂಬಾ ಅಗಲ ಇದೆ. ಆದರೆ ಜಾಗ ಚೆನ್ನಾಗಿದೆ. ನೀವು ಮಣ್ಣು ತಂದುಕೊಟ್ಟರೆ ನಾನು ಒಳಗಿನಿಂದ ಬಾಗಿಲು ಕಟ್ಟಿಕೊಳ್ತೀನಿ."

ಬೂದಣ್ಣನ ಮುಖ ಬಾಡಿತು. ಒಳ್ಳೆಯವನೇ, ಆದರೆ ಮೈ ಬಗ್ಗಿಸುವ ಮಾತು ಬಂದರೆ ಸಾಕು, ಅವನ ರೆಕ್ಕೆ ನೋಯುತ್ತಿತ್ತು.

"ಮಣ್ಣೇ? ಎಷ್ಟು ಉಂಡೆ? ಎಷ್ಟು ಸಲ ಕೊಳಕ್ಕೆ ಹೋಗಿ ಬರಲಿ? ಈಚೆ ದಡದಲ್ಲಿ ಮರಕುಟಿಗ ಕುಟ್ಟಪ್ಪ ಹೊಚ್ಚ ಹೊಸ ಮನೆಗಳನ್ನೇ ಮಾಡಿಟ್ಟಿದ್ದಾನಂತೆ. ಗಿಳಿಗಳು ಆಗಲೇ ಒಕ್ಕಲು ಬಂದಿವೆ. ನಾವೇನು ಅವರಿಗಿಂತ ಕಡಿಮೆಯೇ?"

ಹೆಂಡತಿಯ ಮರುಮಾತಿಗೂ ಕಾಯದೆ ಹಾರಿಹೋದ.

ಬೂರುಗದ ಮರದಲ್ಲಿ ಸಾಲಾಗಿ ಏಳು ಬಾಗಿಲು. ಒಂದೊಂದೂ ಬಳೆಯ ಹಾಗೆ ದುಂಡಗೆ. ಕುಟ್ಟಪ್ಪ ಕೆಂಪು ರುಮಾಲು ಕಟ್ಟಿದಂತಿದ್ದ ತಲೆಯನ್ನು ಆಡಿಸುತ್ತಾ ಬರಮಾಡಿಕೊಂಡ.

"ಬನ್ನಿ ಬೂದಣ್ಣ, ಬನ್ನಿ! ಎಲ್ಲ ಮುಗಿದ ಮನೆ. ನೀವು ಒಂದು ಕಡ್ಡಿ ಆಚೆಯಿಂದ ಈಚೆಗೆ ಇಡಬೇಕಾಗಿಲ್ಲ. ಅತ್ತಿಕಾಯಿ ಕಚ್ಚಿ ಹಾಲುಕ್ಕಿಸುವುದೊಂದೇ ಬಾಕಿ."

"ಅಳತೆ ಹೇಗೆ ಕುಟ್ಟಪ್ಪ?"

"ಬಾಗಿಲು ಎರಡು ಕೊಕ್ಕು ಅಗಲ. ಕೋಣೆ ಆರು ಕೊಕ್ಕು ಆಳ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ."

ಬೂದಣ್ಣ ತನ್ನ ಮೂಗಿನ ಮುಂದೆ ಚಾಚಿದ್ದ ಕೊಕ್ಕನ್ನು ಓರೆಗಣ್ಣಿನಿಂದ ನೋಡಿಕೊಂಡ. ಇಂಥ ಆರು ಕೊಕ್ಕು ಆಳವೇ! ಅರಮನೆಯೇ ಆಯಿತಲ್ಲ! ಮೇಲಿನ ಕೊಂಬೆಯಿಂದ ಇಳಿದು ಬಾಗಿಲನ್ನು ಹತ್ತಿರದಿಂದ ನೋಡುವ ಗೋಜಿಗೂ ಹೋಗಲಿಲ್ಲ.

"ಆಯಿತು, ಕಡೆಯ ಮನೆ ನಮ್ಮದು. ನಾಳಿದ್ದು ದಿನ ಚೆನ್ನಾಗಿದೆ. ಪ್ರವೇಶ ಇಟ್ಟುಕೊಳ್ಳೋಣ," ಎಂದು ಮಾತು ಕೊಟ್ಟುಬಿಟ್ಟ. ಬರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆದೂ ಬಂದ.

ನಾಲ್ಕು ದಿನದಲ್ಲಿ ಎರಡು ದಿನ ಹೀಗೆ ಕಳೆಯಿತು.

ಪ್ರವೇಶದ ದಿನ ಬೂರುಗದ ಮರದ ತುಂಬ ಹಕ್ಕಿಗಳು. ಕಾಂಡದ ಬುಡದಲ್ಲಿ, ಯಾರೂ ಕರೆಯದಿದ್ದರೂ, ಒಂದು ಉಡ ಬಂದು ಬಿಸಿಲು ಕಾಯಿಸುತ್ತ ಮಲಗಿತ್ತು.

ನೀಲವ್ವ ಬಾಗಿಲ ಮುಂದೆ ಬಂದು ನಿಂತಿತು. ಬಾಗಿಲನ್ನು ನೋಡಿತು, ಗಂಡನನ್ನು ನೋಡಿತು.

"ರೀ, ಇದು…"

"ಹೊಸ ಮನೆ. ಹಾಗೇ ಅನಿಸುತ್ತೆ. ಬಲಗಾಲಿಟ್ಟು ಒಳಗೆ ಹೋಗು."

"ಕಾಲು ಆಮೇಲಿನ ಮಾತು. ತಲೆ ಹೋಗುತ್ತಾ ನೋಡ್ತೀನಿ."

ಕೊಕ್ಕು ಹೋಯಿತು. ತಲೆಯೂ ಹೋಯಿತು. ಹೆಗಲು ಮಾತ್ರ ಹೋಗಲಿಲ್ಲ. ಹಿಂದಕ್ಕೆ ಬರೋಣವೆಂದರೆ ಕೊಕ್ಕಿನ ಮೇಲಿನ ಕೊಂಬು ಒಳಗೆ ಸಿಕ್ಕಿಹಾಕಿಕೊಂಡಿತು. ಬೂದಣ್ಣ ಗಾಬರಿಯಾಗಿ ಬಾಲ ಹಿಡಿದು ಜಗ್ಗಿದ. ನೀಲವ್ವ ಹೊರಗೆ ಬಂತು, ಬಾಲದ ಒಂದು ಪುಕ್ಕ ಬೂದಣ್ಣನ ಬಾಯಲ್ಲೇ ಉಳಿಯಿತು.

"ಪ್ರವೇಶ ಮುಗೀತೇ? ಊಟಕ್ಕೆ ಏಳೋಣವೇ?" ಎಂದಿತು ಪಕ್ಕದ ಮನೆಯ ಗಿಳಿಯಮ್ಮ. ಕೊಂಬೆ ಕೊಂಬೆಯೂ ನಕ್ಕಿತು.

"ಏನಯ್ಯಾ ಕುಟ್ಟಪ್ಪ, ಎರಡು ಕೊಕ್ಕು ಅಂದೆಯಲ್ಲ!" ಎಂದು ಬೂದಣ್ಣ ಗದರಿದ.

"ಎರಡೇ ಕೊಕ್ಕು. ಬೇಕಾದರೆ ಅಳೆದು ತೋರಿಸ್ತೀನಿ," ಎಂದು ಕುಟ್ಟಪ್ಪ ತನ್ನ ಮೊಳೆಯಂಥ ಕೊಕ್ಕನ್ನು ಬಾಗಿಲಿಗೆ ಅಡ್ಡವಾಗಿ ಇಟ್ಟ. ಒಂದು, ಎರಡು.

"ಅದು ನಿನ್ನ ಕೊಕ್ಕು!"

"ಮತ್ತೆ? ನಾನು ಕಟ್ಟುವ ಮನೆಗೆ ನಿಮ್ಮ ಕೊಕ್ಕು ಎರವಲು ತರಲೇ ಅಣ್ಣಾ? ನೀವಾದರೂ ಯಾರ ಕೊಕ್ಕು ಅಂತ ಒಂದು ಮಾತು ಕೇಳಬಾರದಿತ್ತೇ?"

ಆಗ ಬುಡದಲ್ಲಿದ್ದ ಉಡ ಮೆಲ್ಲಗೆ ತಲೆಯೆತ್ತಿತು. ಅದರ ಮಾತಿನಲ್ಲಿ ಬೆಲ್ಲ ಸುರಿಯುತ್ತಿತ್ತು.

"ಜಗಳ ಯಾಕಪ್ಪಾ ಶುಭಕಾರ್ಯದಲ್ಲಿ? ಮರ ಮೆತ್ತಗಿದೆ, ಕುಟ್ಟಪ್ಪ ಒಂದು ಗಳಿಗೆಯಲ್ಲಿ ಬಾಗಿಲು ಅಗಲ ಮಾಡಿಕೊಡ್ತಾನೆ. ತಾಯಿ ಆರಾಮಾಗಿ ಒಳಗೆ ಕೂರಲಿ. ಮನೆ ಅಂದ ಮೇಲೆ ಬಾಗಿಲು ದೊಡ್ಡದಿರಬೇಕು. ನಾಲ್ಕು ಜನ ಬಂದು ಹೋಗೋದು ಬೇಡವೇ?"

"ನೋಡು, ಎಷ್ಟು ಒಳ್ಳೆ ಮಾತು!" ಎಂದ ಬೂದಣ್ಣ. "ಕುಟ್ಟಪ್ಪ, ಶುರು ಮಾಡು."

ನೀಲವ್ವ ಉಡವನ್ನೇ ನೋಡುತ್ತಿತ್ತು. ಅದರ ಸೀಳುನಾಲಗೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

"ಬೇಡ ಕುಟ್ಟಣ್ಣ, ನಿಲ್ಲಿಸಿ. ಮೊಟ್ಟೆ ತಿನ್ನುವವನಿಗೆ ನನ್ನ ಬಾಗಿಲಿನ ಚಿಂತೆ ಯಾಕೆ ಬಂತು? ಈ ಮನೆ ಗಿಳಿಯಮ್ಮನಿಗೆ ಸರಿಯಾದ ಮನೆ. ಅವಳಿಗೆ ರೆಕ್ಕೆ ಇರುತ್ತೆ, ಹೋಗ್ತಾಳೆ, ಬರ್ತಾಳೆ. ನನಗೆ ಇರಲ್ಲ."

"ಜನ ಸೇರಿದ್ದಾರೆ ಕಣೇ. ಮಾತು ಕೊಟ್ಟಿದ್ದೀನಿ. ಮಾನ ಹೋಗುತ್ತೆ."

"ನಾಳೆ ಕಳೆದರೆ ಮೊಟ್ಟೆ. ಮಾನ ಉಳಿಸ್ಕೊಳ್ತೀರೋ, ಮಕ್ಕಳನ್ನ ಉಳಿಸ್ಕೊಳ್ತೀರೋ, ನೀವೇ ಹೇಳಿ."

ಬೂದಣ್ಣ ಬಾಯಲ್ಲಿದ್ದ ಪುಕ್ಕವನ್ನು ಕೆಳಗಿಟ್ಟ. ಕೊಳದ ಕಡೆ ಹಾರಿದ. ಹಿಪ್ಪೆಯ ಪೊಟರೆಗೆ ಮೊದಲ ಮಣ್ಣಿನ ಉಂಡೆ ಬಂತು.

ಮಕ್ಕಳೇ, ಮುಂದೆ ನಡೆದದ್ದನ್ನು ಹೇಳುವಾಗ ನಾನು ಸ್ವಲ್ಪ ನಿಧಾನ ಮಾಡುತ್ತೇನೆ. ಯಾಕೆಂದರೆ ಆ ಕಾಡಿನ ಹಕ್ಕಿಗಳೂ ನಗುವುದನ್ನು ಬಿಟ್ಟು, ಒಂದೊಂದಾಗಿ ಆಚೆ ದಡಕ್ಕೆ ಬಂದು, ಸುಮ್ಮನೆ ಕೂತು ನೋಡಿದವು.

ನೀಲವ್ವ ಪೊಟರೆಯೊಳಗೆ ಕೂತಿತು. ಬೂದಣ್ಣ ಕೊಟ್ಟ ಮಣ್ಣನ್ನು ಕೊಕ್ಕಿನಲ್ಲಿ ತೆಗೆದುಕೊಂಡಿತು. ತಿಂದ ಹಣ್ಣಿನ ತಿರುಳನ್ನೂ ತನ್ನ ಹಿಕ್ಕೆಯನ್ನೂ ಅದಕ್ಕೆ ಬೆರೆಸಿ ಹದ ಮಾಡಿತು. ಪೊಟರೆಯ ಅಂಚಿಗೆ ಮೆತ್ತಿ, ಕೊಕ್ಕಿನ ಮಗ್ಗುಲಿನಿಂದ ತಟ್ಟಿತು. ಟಪ್, ಟಪ್, ಟಪ್. ಕರಣೆಯಿಲ್ಲ, ನೂಲಿಲ್ಲ, ತೂಗುಗುಂಡಿಲ್ಲ. ಒಂದು ಉಂಡೆ ತಟ್ಟಿದ ಮೇಲೆ ಕೊಕ್ಕನ್ನು ಹೊರಗೆ ಚಾಚಿ ನೋಡುತ್ತಿತ್ತು. ಸಡಿಲವಾದರೆ ಇನ್ನೊಂದು ಉಂಡೆ. ಅಷ್ಟಗಲ ಇದ್ದ ಬಾಯಿ ನೋಡನೋಡುತ್ತ ಕಿರಿದಾಯಿತು.

ಕುಟ್ಟಪ್ಪನೂ ಬಂದ. ಬಹಳ ಹೊತ್ತು ನೋಡಿದ.

"ನಾನು ತೆಗೆದು ತೆಗೆದು ಮನೆ ಮಾಡುವವನು," ಎಂದ ಮೆಲ್ಲಗೆ. "ಸೇರಿಸಿ ಸೇರಿಸಿ ಮಾಡುವುದನ್ನು ಇವತ್ತು ಕಂಡೆ. ಯಾರಮ್ಮಾ ನಿನಗೆ ಕಲಿಸಿದವರು?"

"ಯಾರೂ ಇಲ್ಲ ಅಣ್ಣಾ. ಕೊಕ್ಕು ಕೊಟ್ಟವನು ಕೊಕ್ಕಿನಲ್ಲೇ ಇಟ್ಟಿದ್ದ ಅಂತ ಕಾಣುತ್ತೆ."

ಎರಡನೆಯ ದಿನ ಮಧ್ಯಾಹ್ನ. ಬಾಗಿಲಿನಲ್ಲಿ ಇನ್ನೊಂದೇ ಉಂಡೆಯಷ್ಟು ಸಂದು ಉಳಿದಿತ್ತು. ನೀಲವ್ವನ ಗರಿಗಳು ಆಗಲೇ ಉದುರತೊಡಗಿದ್ದವು. ಬೂದಣ್ಣ ಕೊಳಕ್ಕೆ ಹೋಗಿದ್ದ. ಆಗ ಗಿಳಿಯಮ್ಮ ಕಿರುಚಿತು:

"ಉಡ! ಉಡ ಹತ್ತುತ್ತಿದೆ!"

ಉಡದ ಹಿಡಿತ ನಿಮಗೆ ಗೊತ್ತಲ್ಲ, ಹಿಡಿದರೆ ಹಿಡಿದದ್ದೇ. ಸರಸರನೆ ಮೇಲೆ ಬಂದು ಸಂದಿನೊಳಗೆ ಮೂತಿ ತೂರಿಸಿತು. ನೀಲವ್ವ ಒಳಗಿನಿಂದ ಮೂತಿಗೆ ಕುಕ್ಕಿತು. ಉಡ ಹಿಂದೆ ಸರಿದು, ಹಸಿ ಮಣ್ಣಿಗೆ ಉಗುರು ಹಾಕಿತು. ಅಂಚು ಕುಸಿಯಿತು.

"ತಾಯಿ, ಬಾಗಿಲು ದೊಡ್ಡದಿರಬೇಕು ಅಂತ ನಿನ್ನೆಯೇ ಹೇಳಿದೆನಲ್ಲ," ಎಂದಿತು ಉಡ.

ಅಷ್ಟರಲ್ಲಿ ಅದರ ಬಾಲದ ಮೇಲೆ ಟಕಟಕಟಕ ಎಂದು ಸುತ್ತಿಗೆಯ ಏಟು ಬಿತ್ತು. ಕುಟ್ಟಪ್ಪ! ಒಣಮರವನ್ನೇ ಕೊರೆಯುವ ಕೊಕ್ಕು; ಬಾಲ ಯಾವ ಲೆಕ್ಕ? ಉಡ ನೋವಿನಿಂದ ಹಿಂದಕ್ಕೆ ತಿರುಗಿತು. ಆ ಒಂದು ಕ್ಷಣ ಸಾಕಾಯಿತು. ಬೂದಣ್ಣ ಬಾಯಿ ತುಂಬ ಮಣ್ಣು ಹೊತ್ತು ಉಡದ ತಲೆಯ ಮೇಲಿಂದಲೇ ಬಂದು ಹೆಂಡತಿಯ ಕೊಕ್ಕಿಗೆ ಕೊಟ್ಟ. ಟಪ್, ಟಪ್. ಸಂದು ಮುಚ್ಚಿತು. ಉಳಿದದ್ದು ಒಂದು ಸೀಳು ಕಿಂಡಿ, ನೀಲವ್ವನ ಕೊಕ್ಕಿನ ತುದಿ ಹಿಡಿಯುವಷ್ಟು.

ಉಡ ಮತ್ತೆ ಮೂತಿಯಿಟ್ಟಿತು. ಮೂತಿ ಹಿಡಿಯಲಿಲ್ಲ. ನಾಲಗೆ ಮಾತ್ರ ಒಳಗೆ ಹೋಯಿತು, ಅಲ್ಲಿ ಕಾಯುತ್ತಿದ್ದ ಕೊಕ್ಕಿನ ರುಚಿ ನೋಡಿಕೊಂಡು ಹೊರಗೆ ಬಂತು. ಗೊಣಗುತ್ತ ಮರ ಇಳಿದು ಹೋದದ್ದು, ಮತ್ತೆ ಆ ದಡಕ್ಕೆ ಬರಲಿಲ್ಲ.

ಮರುದಿನ ಮೊದಲ ಮೊಟ್ಟೆ. ಬೂದಣ್ಣ ಆಮೇಲೆ ರೆಕ್ಕೆ ನೋವು ಎಂದದ್ದನ್ನು ಯಾರೂ ಕೇಳಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಹಾರಿ, ಅತ್ತಿಹಣ್ಣು ತಂದು, ಕಿಂಡಿಯಲ್ಲಿ ಒಂದೊಂದೇ ಕೊಟ್ಟ. ಮೊಟ್ಟೆ ಒಡೆದು ಮೂರು ಮರಿ ಬಂದವು. ವಾರಗಳು ಕಳೆದವು. ನೀಲವ್ವನಿಗೆ ಹೊಸ ಗರಿ ಮೂಡಿದವು. ಒಂದು ಬೆಳಿಗ್ಗೆ ಅದು ತಾನು ಕಟ್ಟಿದ ಬಾಗಿಲನ್ನು ತಾನೇ ಒಡೆದು ಹೊರಗೆ ಬಂತು. ಮೂರು ಮರಿಗಳ ಹೊಟ್ಟೆಗೆ ಇನ್ನು ಅಪ್ಪನೊಬ್ಬನ ದುಡಿಮೆ ಸಾಲದಾಗಿತ್ತು.

ಗಿಳಿಯಮ್ಮ ಬಾಯಿಬಾಯಿ ಬಡಿದುಕೊಂಡಿತು. "ಅಯ್ಯೋ ನೀಲಕ್ಕ! ಮರಿಗಳಿಗೆ ರೆಕ್ಕೆ ಬಂದಿಲ್ಲ, ಬಾಗಿಲು ಹಾರುಹೊಡೆದಿದೆ! ಒಳಗೆ ಕೂತು ಕಟ್ಟುವವಳೇ ಹೊರಗೆ ಬಂದರೆ ಇನ್ನು ಕಟ್ಟುವವರು ಯಾರು?"

"ಮಣ್ಣು ತರ್ತೀನಿ, ಈಗಲೇ ತರ್ತೀನಿ!" ಎಂದು ಬೂದಣ್ಣ ಎದ್ದ.

"ಒಂದು ಗಳಿಗೆ ತಡೀರಿ," ಎಂದಿತು ನೀಲವ್ವ. "ಕೇಳಿ."

ಎಲ್ಲರೂ ಕಿವಿಗೊಟ್ಟರು. ಪೊಟರೆಯೊಳಗಿನಿಂದ ಸದ್ದು ಬಂತು. ಬಹಳ ಮೆತ್ತನೆಯ ಸದ್ದು. ಟಪ್. ಟಪ್. ಟಪ್.

ಮೈಮೇಲೆ ಗರಿ ಬಲಿಯದ ಆ ಮೂರು ಮರಿಗಳು, ಹೊರಗಿನ ಬಿಸಿಲನ್ನೇ ಕಾಣದ ಮರಿಗಳು, ಒಡೆದು ಬಿದ್ದ ಚೂರುಗಳನ್ನು ಹೆಕ್ಕಿ, ತಮ್ಮ ಹಿಕ್ಕೆಯಲ್ಲಿ ಕಲಸಿ, ಅಂಚಿಗೆ ಮೆತ್ತಿ ತಟ್ಟುತ್ತಿದ್ದವು. ಒಂದು ಮರಿ ಕೊಕ್ಕು ಹೊರಗೆ ಚಾಚಿ ಅಳತೆ ನೋಡಿತು, ಒಳಗೆಳೆದುಕೊಂಡಿತು, ಮತ್ತೆ ತಟ್ಟಿತು. ಕುಟ್ಟಪ್ಪ ತನ್ನ ಕೆಂಪು ತಲೆಯನ್ನು ಬಾಗಿಸಿದ.

ಬಾಗಿಲು ಮತ್ತೆ ಮುಚ್ಚಿತು. ಈ ಸಲದ ಕಿಂಡಿ ಮೊದಲಿನದಕ್ಕಿಂತ ಸಣ್ಣದಾಗಿತ್ತು. ಮರಿಗಳ ಕೊಕ್ಕು ಸಣ್ಣದಲ್ಲವೇ?

ಮಕ್ಕಳೇ, ಈ ಕತೆ ನನ್ನ ಹತ್ತಿರವೇ ಉಳಿದರೆ ನನ್ನ ಜೊತೆಗೇ ಹೋಗಿಬಿಡುತ್ತದೆ. ಇವತ್ತು ಮನೆಗೆ ಹೋದವರು ತಂಗಿಗೋ ತಮ್ಮನಿಗೋ, ಪಕ್ಕದ ಮನೆಯವರಿಗೋ ಹೇಳಿ. ಹೇಳುವಾಗ ನೀಲವ್ವನ ಟಪ್ ಟಪ್ ಅನ್ನು ಮಾತ್ರ ಅವಸರ ಮಾಡಬೇಡಿ.

ನೀತಿ: ಮನೆ ಸಿದ್ಧವಾಗಿದೆಯೇ ಎಂದು ಕೇಳುವ ಮೊದಲು, ಯಾರ ಅಳತೆಗೆ ಸಿದ್ಧವಾಗಿದೆ ಎಂದು ಕೇಳಬೇಕು.