ಕರಿ ತಗಡು

“ಗುರುಗಳೇ, ಮಠಕ್ಕೆ ಬರುವ ಮುಂಚೆ ನಾನು ಒರಟ. ಯಾರು ಏನಂದರೂ ನಕ್ಕು ಮುಂದೆ ಹೋಗುತ್ತಿದ್ದೆ. ಇಲ್ಲಿಗೆ ಬಂದು ಆ ಒರಟುತನವನ್ನೆಲ್ಲ ಉಜ್ಜಿ ತೆಗೆದೆ. ಈಗ ಅಡುಗೆಯವರು ಒಂದು ಮಾತು ಗೊಣಗಿದರೂ ಮೂರು ದಿನ ಮನಸ್ಸಿಗೆ ಅಂಟಿಕೊಂಡಿರುತ್ತದೆ. ಇನ್ನೆಷ್ಟು ಉಜ್ಜಬೇಕು?”

ಶಿಷ್ಯನ ಕಣ್ಣು ಕೆಂಪಾಗಿತ್ತು. ಗುರುಗಳು ಕತೆ ಹೇಳಿದರು.

ಒಂದು ದ್ವೀಪದಲ್ಲಿ ಒಬ್ಬ ಬೆಸ್ತನಿದ್ದ. ಅವನ ಹೆಂಡತಿ ಹೆತ್ತು ಒಂಬತ್ತು ದಿನವಾಗಿತ್ತು. ಅಷ್ಟರಲ್ಲಿ ಬಾವಿಯ ನೀರು ಉಪ್ಪಾಯಿತು. ಆಚೆ ದಡದಿಂದ ನೀರು ತರಲು ದೋಣಿಯಲ್ಲಿ ನಾಲ್ಕು ದಿನ ಬೇಕು. ಬಾಯಾರಿಕೆ ಅಷ್ಟು ದಿನ ಕಾಯುತ್ತದೆಯೇ?

ಅಲ್ಲೇ ಇದ್ದ ಕಂಚುಗಾರ ಒಂದು ತಾಮ್ರದ ತಗಡು ಕೊಟ್ಟ. ಇದ್ದಲಿನಷ್ಟು ಕಪ್ಪು. ಬೆಸ್ತ ಕಡಲ ನೀರು ಕುದಿಸಿ, ಹಬೆಗೆ ತಗಡನ್ನು ಓರೆಯಾಗಿ ನಿಲ್ಲಿಸಿ, ತಣ್ಣಗಿರಲೆಂದು ಅದರ ಬೆನ್ನಿಗೆ ಒದ್ದೆ ಗೋಣಿ ಹೊದಿಸಿದ. ಹಬೆ ಹನಿಯಾಗಿ ಉದುರಿತು. ಮಧ್ಯಾಹ್ನದೊಳಗೆ ಒಂದು ಗಡಿಗೆ ಸಿಹಿನೀರು.

ಬೆಸ್ತನ ತಾಯಿಗೆ ಮಾತ್ರ ಸಮಾಧಾನವಿಲ್ಲ. ಬಾಣಂತಿ ಮನೆಯಲ್ಲಿ ಕರಿ ಹಿಡಿದ ತಾಮ್ರವಿದ್ದರೆ ನೋಡಿದವರು ಏನಂದಾರು? ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದಳು. ಮುಖ ಕಾಣುವಷ್ಟು ಉಜ್ಜಿದಳು. ಪುಣ್ಯಾತ್ಗಿತ್ತಿ, ಕೈ ಸೋಲುವವರೆಗೂ ಬಿಡಲಿಲ್ಲ.

ಮರುದಿನ ಸಂಜೆಯಾದರೂ ಅರ್ಧ ಗಡಿಗೆಯೂ ತುಂಬಲಿಲ್ಲ. ಸೌದೆ ಮುಗಿಯುತ್ತ ಬಂತು. ಬಾಣಂತಿಯ ತುಟಿ ಒಣಗಿತು, ಮಗು ಹಾಲಿಲ್ಲದೆ ಅತ್ತಿತು. ಮುದುಕಿ ತಗಡನ್ನು ಎದೆಗವುಚಿಕೊಂಡು ಕಂಚುಗಾರನ ಬಳಿ ಓಡಿದಳು.

“ಇನ್ನೂ ಚೆನ್ನಾಗಿ ಉಜ್ಜಬೇಕಿತ್ತೇನಪ್ಪಾ?”

ಕಂಚುಗಾರ ತಗಡು ನೋಡಿ ತಲೆ ಚಚ್ಚಿಕೊಂಡ. “ಅಮ್ಮಾ, ಅದು ಕೊಳೆಯಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು. ನಾನೇ ಕ್ಷಾರದಲ್ಲಿ ಕುದಿಸಿ ಬೆಳೆಸಿ, ತೆಳ್ಳಗೆ ಮೇಣ ಸವರಿದ್ದೆ. ಅಲ್ಲಿ ಹನಿಗೆ ಕಾಲೂರಲು ಜಾಗವಿಲ್ಲ. ಪಕ್ಕದ ಹನಿ ಸೇರಿದ್ದೇ ಹಾರಿ ಬೀಳುತ್ತದೆ. ನಯ ಮಾಡಿದರೆ ನೀರು ಚಾಪೆ ಹಾಸಿ ಮಲಗುತ್ತದೆ. ಹಿಂದೆ ಬರುವ ಹಬೆಗೆ ತಗಡು ಮುಟ್ಟಲು ದಾರಿಯೇ ಇರುವುದಿಲ್ಲ.”

ಅವನು ತಗಡನ್ನು ಮತ್ತೆ ಕಪ್ಪು ಮಾಡಿಕೊಟ್ಟ. ಉಳಿದ ಸೌದೆಯಲ್ಲೇ ಗಡಿಗೆ ತುಂಬಿತು. ಸೊಸೆ ಎರಡು ಚೊಂಬು ಕುಡಿದಳು. ಮಗು ಹಾಲು ಕುಡಿದು ಮಲಗಿತು. ಮುದುಕಿ ಅಬ್ಬಾ ಎಂದು ಗೋಡೆಗೊರಗಿ ಕೂತು, ನಗುತ್ತ ನಗುತ್ತ ಅತ್ತುಬಿಟ್ಟಳು.

ಕತೆ ಮುಗಿಯಿತು. ಶಿಷ್ಯ ಕಣ್ಣೊರೆಸಿಕೊಂಡು, “ಹಾಗಾದರೆ ನಾನೇನು ಮಾಡಲಿ?” ಎಂದ.

ಗುರುಗಳೆಂದರು: “ಮೊದಲು ಕೈಯಲ್ಲಿರುವ ಹುಣಸೆಹಣ್ಣು ಕೆಳಗಿಡು, ಮಗೂ.”