ಗಾಡಿಗೊಂದು ತಟ್ಟೆ

ಸರ್ಕಾರ ಶಾಲೆಗೊಂದು ಕೊಠಡಿ ಎಂದು ಹಣ ಹಂಚಿತ್ತು. ಎಂಟು ಮಕ್ಕಳ ಶಾಲೆಗೂ ಒಂದು, ಮುನ್ನೂರು ಮಕ್ಕಳು ಜಗಲಿಯಲ್ಲಿ ಕೂರುವ ಈ ಶಾಲೆಗೂ ಒಂದು. ಇನ್ನಷ್ಟು ಕೊಡಿ ಎಂದು ಮೇಷ್ಟ್ರು ಕೇಳಿದ್ದಕ್ಕೆ, ತಪಾಸಣೆಗೆ ಬಂದ ಸಾಹೇಬರು, “ಎಲ್ಲರಿಗೂ ಸಮಾನ. ಅದೇ ನ್ಯಾಯ,” ಎಂದರು.

ಅಡುಗೆಯ ತಾಯವ್ವ ಕೇಳಿಸಿಕೊಂಡಳು. ಊಟಕ್ಕೆ ಎರಡೇ ತಟ್ಟೆ ತಂದಳು. ಬೈಕಿನಲ್ಲಿ ಒಬ್ಬನೇ ಬಂದಿದ್ದ ಗುಮಾಸ್ತನಿಗೆ ಒಂದು. ಜೀಪಿನಲ್ಲಿ ಬಂದ ಸಾಹೇಬರಿಗೂ ಅವರ ಐವರು ಸಿಬ್ಬಂದಿಗೂ ಸೇರಿ ಒಂದು.

“ಏನಮ್ಮಾ ಇದು?”

“ಗಾಡಿಗೊಂದು ತಟ್ಟೆ ಸ್ವಾಮಿ. ಎಲ್ಲಾ ಗಾಡಿಗೂ ಸಮಾನ.”

ಗುಮಾಸ್ತ ತಲೆಯೆತ್ತದೆ ಮುದ್ದೆ ಮುರಿದ.

“ಮೊದಲೇ ಹೇಳಿದ್ದರೆ ಒಬ್ಬೊಬ್ಬರೂ ಒಂದೊಂದು ಬೈಕಿನಲ್ಲಿ ಬರುತ್ತಿದ್ದೆವು!” ಸಾಹೇಬರು ಸಿಡುಕಿದರು.

“ಹಂಗಾರೆ ನಮ್ ಮಕ್ಳೂ ಒಬ್ಬೊಬ್ರು ಒಂದೊಂದು ಶಾಲೆ ಕಟ್ಕೋಬೇಕಾ ಸ್ವಾಮಿ?”

ಸಾಹೇಬರು ಇನ್ನೂ ನಾಲ್ಕು ಕೊಠಡಿಗೆ ಶಿಫಾರಸು ಬರೆದರು. ಉಳಿದ ತಟ್ಟೆಗಳು ಆಮೇಲೆ ಬಂದವು.