ಅಧ್ಯಕ್ಷರ ಸ್ನಾನ

ಕಾಡಿನ ಅಧ್ಯಕ್ಷನಾಗಿ ಆರಿಸಿಬಂದ ಆನೆಗೆ ಮೊದಲ ದಿನವೇ ಹಿಂಡುಸಮೇತ ದೊಡ್ಡ ಕೆರೆಗಿಳಿದು ಮೀಯುವ ಹುಕಿ ಬಂತು. ತಾನೇ ನೇಮಿಸಿದ ಮಂತ್ರಿಗಳನ್ನು ಕರೆದು ಕೇಳಿತು.

ಉತ್ಸವ ಖಾತೆಯ ನವಿಲು, "ಕೆರೆಯೇ ತಮ್ಮ ದಾರಿ ಕಾಯುತ್ತಿದೆ ಅಧ್ಯಕ್ಷರೇ" ಎಂದಿತು. ಕಾನೂನು ಖಾತೆಯ ನರಿ, "ಅಡ್ಡಿಯೇ ಇಲ್ಲ" ಎಂದು ಬಾಲ ಆಡಿಸಿತು.

ಕೆರೆ ಖಾತೆಯ ನೀರುನಾಯಿ ಮಾತ್ರ ಏರಿಯ ಮೇಲೆ ಅಡ್ಡ ನಿಂತಿತು. "ಆಗೋದಿಲ್ಲ ಅಧ್ಯಕ್ಷರೇ. ಏಡಿಗಳು ಏರಿ ಕೊರೆದಿವೆ. ಒಡೆದರೆ ಬೇಸಿಗೆಯಲ್ಲಿ ಕಾಡಿಗೆಲ್ಲ ಗುಟುಕು ನೀರೂ ಸಿಗೋದಿಲ್ಲ. ಎಂಟು ದಿನ ತಡೆಯಿರಿ."

"ನಿನಗೆ ಪದವಿ ಕೊಟ್ಟವರು ಯಾರು?"

"ತಾವೇ, ಕೆರೆ ಕಾಯಲಿ ಅಂತ. ಇಳಿಯಲೇಬೇಕು ಅಂದರೆ ಮೊದಲು ಆ ಪದವಿ ವಾಪಸು ತಗೊಳ್ಳಿ."

ಆನೆ ಸಿಟ್ಟಿನಿಂದ ಏರಿಯ ಮೇಲೆ ಒಂದು ಕಾಲಿಟ್ಟಿತು. ಮಣ್ಣು ಮೊಣಕಾಲುದ್ದ ಕುಸಿದು ನೀರು ಜಿನುಗಿತು. ಗಾಬರಿಯಿಂದ ಕಾಲು ಕಿತ್ತುಕೊಂಡು, "ಈಗೇನು ಮಾಡಲಿ?" ಎಂದು ಮೆತ್ತಗೆ ಕೇಳಿತು.

"ಮಣ್ಣು ಹೊರಿ."

ಎಂಟು ದಿನ ಅಧ್ಯಕ್ಷರು ನೀರುನಾಯಿ ತೋರಿಸಿದ ಕಡೆಯೆಲ್ಲ ಮಣ್ಣು ಹೊತ್ತು ತುಳಿದರು. ಒಂಬತ್ತನೆಯ ದಿನ ಹಿಂಡೆಲ್ಲ ಕೆರೆಗಿಳಿದು ಕೇಕೆ ಹಾಕುತ್ತಿರುವಾಗ, ನರಿ ದಡಕ್ಕೆ ಬಂದು ಹಲ್ಲುಕಿರಿಯಿತು.

"ಏರಿ ಸಡಿಲಾಗಿದೆ ಅಂತ ನನಗೂ ಗೊತ್ತಿತ್ತು ಅಧ್ಯಕ್ಷರೇ. ತಮ್ಮ ಮನಸ್ಸು ನೋಯಿಸೋದು ಬೇಡ ಅಂತ ಸುಮ್ಮನಿದ್ದೆ."

ಆನೆ ಸೊಂಡಿಲ ತುಂಬ ನೀರೆಳೆದು ನರಿಯ ನೆತ್ತಿಯ ಮೇಲೆ ಬಿಟ್ಟಿತು. ಹಿಂಡೆಲ್ಲ ಗೊಳ್ಳೆಂದು ನಕ್ಕಿತು.

"ಇನ್ನು ಮುಂದೆ ನೋಯಿಸಯ್ಯಾ. ತಲೆ ಆಡಿಸೋದಕ್ಕೆ ನನ್ನ ನೆರಳೇ ಸಾಕು. ಅದು ಖಾತೆ ಕೇಳೋದಿಲ್ಲ."